ಕೇಳುವ ಹಕ್ಕು ಮೊದಲು, ಉತ್ತರಿಸುವ ಹೊಣೆ ಆಮೇಲೆ

ಶಾಸಕರು ಸರ್ಕಾರವನ್ನು ಪ್ರಶ್ನಿಸುವ, ಸಚಿವರು ಸದನದಲ್ಲೇ ಉತ್ತರ ಕೊಡಬೇಕಾದ ಪದ್ಧತಿಯೇ ಪ್ರಶ್ನೋತ್ತರ ಕಲಾಪ. ಬಳ್ಳಾರಿಯಷ್ಟು ಬಳಸು ಹಾದಿಯಲ್ಲಿ ಈ ಪದ್ಧತಿಯನ್ನು ತಲುಪಿದ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬರ ಹೆಸರು ಹೊತ್ತ ಅಲ್ಲಿನ ಬ್ರೂಸ್‌ಪೇಟೆಯ ಯಾವುದೇ ಕುಟುಂಬಕ್ಕೂ ಸರ್ಕಾರದೊಂದಿಗೆ ಮೂರು ಬಗೆಯ ವ್ಯವಹಾರ ಇದ್ದೇ ಇರುತ್ತದೆ: ಠಾಣೆ ಮತ್ತು ಕೋರ್ಟು, ಇರಲೊಂದು ಸೂರು, ಆ ಸೂರಿನ ಮೇಲಿನ ಕಂದಾಯ. ಈ ಮೂರರ ಬಗ್ಗೆ ಯಾರು ಕೇಳಬೇಕು, ಎಲ್ಲಿ ಕೇಳಬೇಕು, ಯಾರು ಉತ್ತರಿಸಬೇಕು ಎಂಬುದು ಇತ್ಯರ್ಥವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದಂಶ ಇನ್ನೂ ಇತ್ಯರ್ಥವಾಗಿಲ್ಲ.

ಪದ್ಧತಿಯ ಮೂಲ ಇಂಗ್ಲೆಂಡಿನದು. ಸೌತ್ ಸೀ ಕಂಪನಿಯ ಷೇರು ಬೆಲೆ ಕುಸಿದು, 1721ರಲ್ಲಿ ಅದರ ಖಜಾಂಚಿ ದೇಶ ಬಿಟ್ಟು ಓಡಿಹೋದಾಗ, ಆತ ಸಿಕ್ಕಿಬಿದ್ದ ಸುದ್ದಿ ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರ್ ಕೇಳಿದ್ದೇ ದಾಖಲೆಯಲ್ಲಿರುವ ಮೊದಲ ಪ್ರಶ್ನೆ. ಭಾರತಕ್ಕೆ ಈ ಹಕ್ಕು ಬರಲು ಬಹಳ ತಡವಾಯಿತು. 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ದತ್ತ ಮಂಡಲದ ಭಾಗವಾದ ಬಳ್ಳಾರಿಯನ್ನು ಮದ್ರಾಸ್ ಆಳುತ್ತಿತ್ತು. 1861ರ ಕಾಯ್ದೆಯಂತೆ ರಚನೆಯಾದ ಅಲ್ಲಿನ ಶಾಸನ ಸಮಿತಿ ಕಾನೂನು ಮಾಡಬಹುದಿತ್ತು, ಕೇಳುವಂತಿರಲಿಲ್ಲ. 1892ರ ಕಾಯ್ದೆ ಕೇಳಲು ಬಿಟ್ಟಿತು. ಆದರೆ ಮುಂಚಿತವಾಗಿ ಸೂಚನೆ ಕೊಡಬೇಕು, ಬಂದ ಉತ್ತರದ ಮೇಲೆ ಚರ್ಚೆ ಕೂಡದು, ಅದು ಸಾಲದೆನಿಸಿದರೂ ಇನ್ನೊಂದು ಮಾತು ಕೇಳುವಂತಿಲ್ಲ. 1909ರಲ್ಲಿ ಉಪಪ್ರಶ್ನೆಗೆ ಅವಕಾಶ ಸಿಕ್ಕಿತು, ಅದೂ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ. ಬಳ್ಳಾರಿಯ ನೆರೆಯ ಗುತ್ತಿಯಿಂದ ವಕೀಲ ಪಿ. ಕೇಶವ ಪಿಳ್ಳೆಯವರಂಥವರು ಸಭೆಗೆ ಹೋದದ್ದು ಈ ಕಾಲದಲ್ಲೇ.

ಇದೇ ಹೊತ್ತಿಗೆ ಪಕ್ಕದ ಮೈಸೂರು ಸಂಸ್ಥಾನ ಬೇರೆಯದೇ ದಾರಿ ಹಿಡಿದಿತ್ತು. ದಿವಾನ್ ರಂಗಾಚಾರ್ಲು ಅವರ ಯೋಜನೆಯಂತೆ 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. 144 ಮಂದಿ ಜಮೀನ್ದಾರರು, ವರ್ತಕರು. ದಿವಾನರು ವರ್ಷದ ಜಮಾಖರ್ಚಿನ ವರದಿ ಓದುತ್ತಿದ್ದರು, ಸದಸ್ಯರು ತಮ್ಮ ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಮತ ಹಾಕುವ ಅಧಿಕಾರ ಇರಲಿಲ್ಲ. ಆದರೂ ಆಳುವವರು ಲೆಕ್ಕ ಒಪ್ಪಿಸಬೇಕೆಂಬ ರೂಢಿ ಅಲ್ಲಿ ಬೇರೂರಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ಶಿಫಾರಸಿನಂತೆ 1923ರಲ್ಲಿ ಸಭೆಗೆ ಶಾಸನದ ಬಲ ಬಂತು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕೆಂಬ ನಿಯಮವೂ ಬಂತು. ಬಳ್ಳಾರಿಯ ಕನ್ನಡಿಗರು ಇದನ್ನು ಗಡಿಯಾಚೆಯಿಂದ ನೋಡಬೇಕಾಯಿತು.

ಮದ್ರಾಸಿನಲ್ಲಿ ದೊಡ್ಡ ಬದಲಾವಣೆ ತಂದದ್ದು 1919ರ ಸುಧಾರಣೆ. ಅದರ ಪ್ರಕಾರ ಪ್ರಾಂತ್ಯದ ಆಡಳಿತ ಎರಡು ಪಾಲಾಯಿತು. ಸ್ಥಳೀಯ ಸಂಸ್ಥೆ, ಶಿಕ್ಷಣ, ಆರೋಗ್ಯದಂಥ ವಿಷಯಗಳು ಸಭೆಗೆ ಉತ್ತರದಾಯಿಗಳಾದ ಮಂತ್ರಿಗಳಿಗೆ ಹೋದವು. ಪೊಲೀಸು, ನ್ಯಾಯ, ಸೆರೆಮನೆ, ಭೂಕಂದಾಯ ಗವರ್ನರರ ಕಾರ್ಯಾಂಗದ ಹಿಡಿತದಲ್ಲೇ ಉಳಿದವು. ಬಳ್ಳಾರಿ ಪುರಸಭೆಯ ಮನೆ ಕಂದಾಯದ ಬಗ್ಗೆ ಸದಸ್ಯರು ಕೇಳಿದರೆ ಸ್ಥಳೀಯ ಸ್ವಯಮಾಡಳಿತದ ಮಂತ್ರಿಯಾಗಿದ್ದ ಪಾನಗಲ್ ರಾಜಾ ಉತ್ತರಿಸಬೇಕು; ಉತ್ತರ ಒಪ್ಪಿಗೆಯಾಗದಿದ್ದರೆ ಸಭೆ ಅವರ ವಿರುದ್ಧ ಮತ ಹಾಕಬಹುದು. ಅದೇ ಊರಿನ ಅಲ್ಲೀಪುರ ಜೈಲಿನ ಬಗ್ಗೆ ಕೇಳಿದರೂ ಉತ್ತರ ಬರುತ್ತಿತ್ತು, ಆದರೆ ಉತ್ತರ ಕೊಟ್ಟವರನ್ನು ಕೆಳಗಿಳಿಸುವ ಶಕ್ತಿ ಸಭೆಗಿರಲಿಲ್ಲ. ಹೀಗೆ ಕಂದಾಯದ ಪ್ರಶ್ನೆಗೆ ಹೊಣೆಗಾರರು ಸಿಕ್ಕಿದ್ದರು, ನ್ಯಾಯದ ಪ್ರಶ್ನೆಗೆ ಸಿಕ್ಕಿರಲಿಲ್ಲ.

ಈ ವ್ಯತ್ಯಾಸ ಎಷ್ಟು ಗಂಭೀರವೆಂಬುದು 1921ರ ನವೆಂಬರ್‌ನಲ್ಲಿ ಗೊತ್ತಾಯಿತು. ಮಲಬಾರಿನ ಮಾಪ್ಪಿಳ ದಂಗೆಯ ಕೈದಿಗಳನ್ನು ಬಳ್ಳಾರಿ ಜೈಲಿಗೆ ಸಾಗಿಸಲೆಂದು ತಿರೂರಿನಲ್ಲಿ ರೈಲಿನ ಮುಚ್ಚಿದ ವ್ಯಾಗನಿಗೆ ತುಂಬಲಾಯಿತು. ಪೋದನೂರಿನಲ್ಲಿ ಬಾಗಿಲು ತೆರೆದಾಗ ಉಸಿರುಗಟ್ಟಿ ಸತ್ತವರ ಹೆಣಗಳು ಕಂಡವು. ಒಟ್ಟು ಸುಮಾರು 70 ಮಂದಿ ಪ್ರಾಣ ಬಿಟ್ಟರು. ದೇಶವೆಲ್ಲ ಕೇಳಿತು, ವಿಚಾರಣಾ ಸಮಿತಿ ನೇಮಕವಾಯಿತು, ವರದಿಯೂ ಬಂತು. ಆದರೆ ಪೊಲೀಸು ಮತ್ತು ಜೈಲು ಜನಪ್ರತಿನಿಧಿಗಳ ಕೈಯಲ್ಲಿರದಿದ್ದುದರಿಂದ ಆ ಸಾವುಗಳಿಗಾಗಿ ಯಾವ ಮಂತ್ರಿಯೂ ಕುರ್ಚಿ ಕಳೆದುಕೊಳ್ಳುವ ಪ್ರಮೇಯವೇ ಇರಲಿಲ್ಲ.

1935ರ ಕಾಯ್ದೆ ಈ ಗೋಡೆಯನ್ನು ಕೆಡವಿತು. 1937ರ ಚುನಾವಣೆಯ ನಂತರ ರಾಜಾಜಿ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ ನ್ಯಾಯಾಲಯ ಮತ್ತು ಜೈಲುಗಳಿಗೆ ಕೆ. ರಾಮನ್ ಮೆನನ್, ಸ್ಥಳೀಯ ಆಡಳಿತಕ್ಕೆ ಬೆಜವಾಡ ಗೋಪಾಲರೆಡ್ಡಿ ಮಂತ್ರಿಗಳಾದರು. ಬ್ರೂಸ್‌ಪೇಟೆಯ ಮನೆಯೊಂದರ ಮೂರು ವ್ಯವಹಾರಗಳೂ ಮೊದಲ ಸಲ ಒಂದೇ ಸದನದ ಮುಂದೆ ಉತ್ತರಕ್ಕೆ ನಿಂತವು. ಉಳಿದಿದ್ದ ತೊಡಕು ಭಾಷೆಯದು. ಸದನ ಇಂಗ್ಲಿಷಿನಲ್ಲಿ ನಡೆಯಬೇಕು, ಇಂಗ್ಲಿಷ್ ಸಾಕಷ್ಟು ಬಾರದವರಿಗೆ ಮಾತ್ರ ಬೇರೆ ಭಾಷೆಯಲ್ಲಿ ಮಾತಾಡಲು ಅನುಮತಿ ಎಂದು ಕಾಯ್ದೆಯೇ ಹೇಳಿತ್ತು. 215 ಸದಸ್ಯರ ಆ ಸಭೆಯಲ್ಲಿ ತಮಿಳರು, ತೆಲುಗರ ನಡುವೆ ಕನ್ನಡದವರು ಬೆರಳೆಣಿಕೆಯಷ್ಟು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ರೈತನ ಸಂಕಟ ಅವನದೇ ಮಾತಿನಲ್ಲಿ ದಾಖಲಾಗುವ ಸಂಭವ ಬಹಳ ಕಡಿಮೆಯಿತ್ತು. ಬಳ್ಳಾರಿಯನ್ನು ಮೈಸೂರಿಗೆ ಸೇರಿಸಲು ನಡೆದ ಗಡಿ ಹೋರಾಟದ ಕತೆ ಹೇಳುವಾಗ ಸಾಮಾನ್ಯವಾಗಿ ನೆಲದ ಮಾತು ಬರುತ್ತದೆ. ಈ ದನಿಯ ಮಾತೂ ಅಷ್ಟೇ ಮುಖ್ಯವಾದದ್ದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ಎಲ್ಲಿಗೆ ಸೇರಬೇಕೆಂದು ಪರಿಶೀಲಿಸಿದ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ನಂತರ ಬಳ್ಳಾರಿಯೂ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿಯ ಶಾಸಕರು ಈಗ ಬೆಂಗಳೂರಿನ ಸದನದಲ್ಲಿ ಕನ್ನಡದಲ್ಲೇ ಕೇಳಬಹುದಾಯಿತು. ಆ ಸದನ ಆಗ ಅಠಾರಾ ಕಚೇರಿಯಲ್ಲಿ ಸೇರುತ್ತಿತ್ತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಸಿದ್ಧವಾಯಿತು.

ಇಂದಿನ ಕಲಾಪದ ಕ್ರಮ ಹೀಗಿದೆ. ಶಾಸಕರು ಅಧಿವೇಶನಕ್ಕೆ ಮೊದಲೇ ಸಚಿವಾಲಯಕ್ಕೆ ಪ್ರಶ್ನೆಯ ಸೂಚನೆ ಕೊಡುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಏಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ. ಬಹಳ ಮಂದಿ ಕೇಳಿದ್ದರೆ ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತುವ ಮೂಲಕ ನಿರ್ಧಾರವಾಗುತ್ತದೆ. ಪ್ರಶ್ನೆಯ ಬರಹಕ್ಕೂ ಒಂದು ಅಚ್ಚು ಇದೆ: ಅ, ಆ, ಇ ಎಂದು ಭಾಗ ಮಾಡಿ, ಇಂಥ ಸಂಗತಿ ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮವೇನು, ವಿವರ ನೀಡುವುದು. ಎದುರು ಕಾಲಮಿನಲ್ಲಿ ಉತ್ತರ: ‘ಬಂದಿದೆ’, ‘ಉದ್ಭವಿಸುವುದಿಲ್ಲ’, ‘ಅನುಬಂಧದಲ್ಲಿ ಒದಗಿಸಿದೆ’. ಓದುವವರು ಮೊದಲ ಪುಟಕ್ಕೇ ನಿಲ್ಲಿಸಬಾರದು. ತಾಲ್ಲೂಕುವಾರು, ವಾರ್ಡುವಾರು ಪಟ್ಟಿಗಳು ಇರುವುದು ಅನುಬಂಧದಲ್ಲಿ. ಕಚೇರಿಗಳಲ್ಲಿ ಎಲ್‌ಎಕ್ಯೂ ಎಂದೇ ಕರೆಯುವ ಈ ಪ್ರಶ್ನೆ ಬಂದರೆ ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ತುರ್ತು ಪತ್ರಗಳು ಓಡುತ್ತವೆ. ಎಷ್ಟೋ ಕಡತಗಳು ಧೂಳು ಕೊಡವಿಕೊಂಡು ಮೇಲೇಳುವುದು ಆಗಲೇ. ಸಚಿವರು ಸದನದಲ್ಲಿ ‘ಮಾಡುತ್ತೇವೆ’ ಎಂದದ್ದನ್ನು ಬೆನ್ನುಹತ್ತಲು ಸರ್ಕಾರದ ಭರವಸೆಗಳ ಸಮಿತಿ ಇದೆ.

ನ್ಯಾಯದ ವಿಷಯದಲ್ಲಿ ಕೇಳುವುದಕ್ಕೆ ಮಿತಿ ಹೆಚ್ಚು. ವಿಚಾರಣೆಯಲ್ಲಿರುವ ಪ್ರಕರಣದ ಗುಣದೋಷ ಎತ್ತುವಂತಿಲ್ಲ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನಡೆಯನ್ನು ಚರ್ಚಿಸುವುದನ್ನು ಸಂವಿಧಾನದ 211ನೇ ವಿಧಿ ತಡೆಯುತ್ತದೆ. ಕೋರ್ಟು ಕಟ್ಟಡ, ಸಿಬ್ಬಂದಿ, ಸರ್ಕಾರಿ ವಕೀಲರ ನೇಮಕ, ಠಾಣೆಗಳ ಬಲ ಕೇಳಬಹುದು. 1953ಕ್ಕೆ ಮೊದಲು ಬಳ್ಳಾರಿಯ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತಿತ್ತು, ಆಮೇಲೆ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ. ಉತ್ತರ ಕರ್ನಾಟಕದ ವಕೀಲರು, ಜನಪ್ರತಿನಿಧಿಗಳು ಸದನದ ಒಳಗೂ ಹೊರಗೂ ದಶಕಗಳ ಕಾಲ ಒತ್ತಾಯಿಸಿದ ಮೇಲೆ 2008ರಲ್ಲಿ ಧಾರವಾಡ, ಗುಲ್ಬರ್ಗಗಳಲ್ಲಿ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಕಾಯಂ ಆದವು. ಬಳ್ಳಾರಿ ಧಾರವಾಡ ಪೀಠಕ್ಕೆ ಸೇರಿತು.

ಸದನದ ಉತ್ತರ ಸಾಲದೆಂದು ಪ್ರಶ್ನೆ ಬೀದಿಗೆ ಬಂದದ್ದೂ ಬಳ್ಳಾರಿಯ ಕಾರಣಕ್ಕೇ. ಅಕ್ರಮ ಗಣಿಗಾರಿಕೆಯ ತನಿಖೆಯನ್ನು ಸಿಬಿಐಗೆ ವಹಿಸಬೇಕೆಂದು 2010ರ ಜುಲೈನಲ್ಲಿ ವಿರೋಧ ಪಕ್ಷದವರು ವಿಧಾನಸೌಧದಲ್ಲಿ ಅಹೋರಾತ್ರಿ ಧರಣಿ ಕೂತರು. ಬೇಡಿಕೆ ಈಡೇರದಾಗ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ಮುಂದಾಳ್ತನದಲ್ಲಿ ಜುಲೈ 25ರಂದು ಬೆಂಗಳೂರಿನಿಂದ ಹೊರಟ ಕಾಲ್ನಡಿಗೆ ಆಗಸ್ಟ್ 9ರಂದು ಬಳ್ಳಾರಿ ಮುಟ್ಟಿತು. ಮರುವರ್ಷ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಸಲ್ಲಿಸಿದರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು, 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಮೂರರಲ್ಲಿ ಎರಡನೆಯದಾದ ಮನೆಯ ಪ್ರಶ್ನೆ ಇನ್ನೊಂದು ದೇಶದ ಇತಿಹಾಸವನ್ನೇ ತಿರುಗಿಸಿದೆ. ಬ್ರಿಟನ್ನಿನಿಂದ ಅಧಿಕಾರ ಹಂಚಿಕೆ ಪಡೆದ ಉತ್ತರ ಐರ್ಲೆಂಡಿಗೆ 1921ರಿಂದ ತನ್ನದೇ ಶಾಸನಸಭೆಯಿತ್ತು, ಅದು ಸ್ಟಾರ್ಮಂಟ್. ಅಲ್ಲಿ ಸರ್ಕಾರಿ ಮನೆಗಳನ್ನು ಹೆಚ್ಚಾಗಿ ಹಂಚುತ್ತಿದ್ದುದು ಸ್ಥಳೀಯ ಕೌನ್ಸಿಲ್ಲುಗಳು. ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದದ್ದು ಮನೆ ಕಂದಾಯ ಕಟ್ಟುವ ಕುಟುಂಬದ ಯಜಮಾನ, ಯಜಮಾನಿಗೆ. ಮನೆ ಸಿಗದವರಿಗೆ ಮತವೂ ಇಲ್ಲ. ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿದ್ದಾಗ ಮದುವೆಯಾಗದ ಪ್ರೊಟೆಸ್ಟಂಟ್ ಯುವತಿಗೆ ಮನೆ ಕೊಟ್ಟದ್ದನ್ನು ಶಾಸಕ ಆಸ್ಟಿನ್ ಕರಿ ಸದನದಲ್ಲಿ ಎತ್ತಿದರು. ಪರಿಹಾರ ಸಿಗಲಿಲ್ಲ. 1968ರ ಜೂನ್ 20ರಂದು ಅವರು ಆ ಮನೆಯೊಳಗೇ ಹೋಗಿ ಕೂತರು. ನಾಗರಿಕ ಹಕ್ಕುಗಳ ಚಳವಳಿ ಅಲ್ಲಿಂದ ಹೊತ್ತಿಕೊಂಡಿತು. 1972ರಲ್ಲಿ ಸ್ಟಾರ್ಮಂಟ್ ಸಭೆಯೇ ಅಮಾನತಾಯಿತು. ನ್ಯಾಯ ಮತ್ತು ಪೊಲೀಸು ಮತ್ತೆ ಅಲ್ಲಿನ ಸ್ಥಳೀಯ ಸರ್ಕಾರದ ಕೈಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ.

ಕರ್ನಾಟಕದಲ್ಲಿ ವಸತಿಯ ಪ್ರಶ್ನೆಗಳು ಹೆಚ್ಚಾಗಿ ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳ ಸುತ್ತ ಇರುತ್ತವೆ. 2000ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸಹಾಯಧನವನ್ನು ತಳಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಬಿಲ್ಲು ಬಾರದೆ ಅರ್ಧಕ್ಕೆ ನಿಂತ ಗೋಡೆಗಳು ಬಳ್ಳಾರಿ ಜಿಲ್ಲೆಯ ಕುರುಗೋಡು ಭಾಗದ ಶಾಸಕರಿಗೂ ಬೆಂಗಳೂರಿನ ಶಾಸಕರಿಗೂ ಒಂದೇ ಪ್ರಶ್ನೆ ಬರೆಸುತ್ತವೆ. ಇಲ್ಲೊಂದು ಇಕ್ಕಟ್ಟಿದೆ. ಪಟ್ಟಣಗಳಲ್ಲಿ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಪಟ್ಟಿ ತಯಾರಿಸುವವರೇ ಪಟ್ಟಿಯ ಬಗ್ಗೆ ಕೇಳಬೇಕಾದಾಗ ಪ್ರಶ್ನೆಯ ಮೊನೆ ಮೊಂಡಾಗುತ್ತದೆ. ಕುರುಗೋಡಿನದು ಮತ್ತೊಂದು ಕತೆ: ಅದೇ ಹೆಸರಿನ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ಊರು ಆಮೇಲೆ ತಾಲ್ಲೂಕು ಕೇಂದ್ರವಾದರೂ ಅದರ ಹೆಸರಿನ ಶಾಸಕರು ಸದನದಲ್ಲಿಲ್ಲ.

ಇತ್ಯರ್ಥವಾಗದೆ ಉಳಿದ ಅಂಶ ಸ್ಥಳೀಯ ತೆರಿಗೆಯದು. ಮದ್ರಾಸ್ ಕಾಲದ ಕಾಯ್ದೆಗಳಲ್ಲಿ ಮನೆಗೆ ವರ್ಷಕ್ಕೆ ಬರಬಹುದಾದ ಬಾಡಿಗೆಯ ಮೇಲೆ ಕಂದಾಯ ಲೆಕ್ಕ ಹಾಕುತ್ತಿದ್ದರು. 1964ರ ಪುರಸಭೆಗಳ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ನಿಯಮ ತಂದಿತು. 1979ರಲ್ಲಿ ಊರಿಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕ ರದ್ದಾದ ಮೇಲೆ ಪಟ್ಟಣಗಳಿಗೆ ಸ್ವಂತ ಆದಾಯವೆಂದು ಉಳಿದದ್ದು ಮುಖ್ಯವಾಗಿ ಆಸ್ತಿ ತೆರಿಗೆ. ಅದನ್ನು ವಸೂಲು ಮಾಡುವುದು ಪಾಲಿಕೆ. ಎಷ್ಟು, ಯಾವ ಲೆಕ್ಕದಲ್ಲಿ ಎಂಬ ಚೌಕಟ್ಟು ಹಾಕುವುದು ವಿಧಾನಸಭೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ನಗರಗಳಿಗೆ ಸಂವಿಧಾನದ ಸ್ಥಾನ ಕೊಟ್ಟಿತು. ಹಳ್ಳಿಗಳ ಕಡೆ ಸಚಿವ ಅಬ್ದುಲ್ ನಜೀರ್ ಸಾಬ್ 1983ರ ಪಂಚಾಯತ್ ಕಾಯ್ದೆಯಿಂದ ದಾರಿ ತೋರಿಸಿದ್ದರು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಆ ಖಾತೆ ಹೊಂದಿದ್ದವರು ಬಳ್ಳಾರಿ ಜಿಲ್ಲೆಯವರೇ ಆದ ಸಂಡೂರಿನ ಎಂ.ವೈ. ಘೋರ್ಪಡೆ.

ಅಧಿಕಾರ ಕೆಳಗಿಳಿದ ಮೇಲೆ ಪ್ರಶ್ನೆಯೂ ಕೆಳಗಿಳಿಯಬೇಕಿತ್ತು. ಬ್ರೂಸ್‌ಪೇಟೆಯ ಕಂದಾಯ ಹೆಚ್ಚಿದರೆ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ವಾರ್ಡಿನ ಸದಸ್ಯರು ಕೇಳಬೇಕು, ಮೇಯರ್ ಮತ್ತು ಆಯುಕ್ತರು ಉತ್ತರಿಸಬೇಕು. ಆದರೆ ಬಳ್ಳಾರಿ ಪಾಲಿಕೆಯ 39 ವಾರ್ಡುಗಳಿಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದರೂ ಮೇಯರ್ ಆಯ್ಕೆ ಮರುವರ್ಷಕ್ಕೆ ಹೋಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಆಡಳಿತಾಧಿಕಾರಿಗಳು ನಡೆಸಿದರು. ಚುನಾಯಿತರಿಲ್ಲದ ಸಂಸ್ಥೆ ತೆರಿಗೆ ಎತ್ತಬಲ್ಲದು, ಖರ್ಚು ಮಾಡಬಲ್ಲದು, ಆದರೆ ಅದರೊಳಗೆ ಕೇಳುವವರಿಲ್ಲ. 1919ಕ್ಕೆ ಹಿಂದಿನ ಸ್ಥಿತಿಗೆ ಇದು ಬಹಳ ಹತ್ತಿರ, ಅದಕ್ಕೇ ಆತಂಕಕಾರಿ. ಚರಂಡಿ, ಖಾತೆ, ಬೀದಿದೀಪದ ಪ್ರಶ್ನೆಗಳೆಲ್ಲ ಮತ್ತೆ ಬೆಂಗಳೂರಿನ ಅಥವಾ ಬೆಳಗಾವಿಯ ಸದನಕ್ಕೇ ಏರಿ, ಅಲ್ಲಿ ಗದ್ದಲದಲ್ಲಿ ಕಲಾಪ ಮುಂದೂಡಿದ ದಿನ ಉತ್ತರಗಳು ಕಾಗದದಲ್ಲಷ್ಟೇ ಮಂಡನೆಯಾಗುತ್ತವೆ.

ಆ ಕಾಗದವನ್ನು ಯಾರು ಬೇಕಾದರೂ ಓದಬಹುದು. ಶಾಸಕರ ಮೂಲಕವಲ್ಲದೆ ನೇರವಾಗಿ ಕೇಳುವ ದಾರಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆ ತೆರೆಯಿತು. ಸಂಸತ್ತಿಗೆ ಅಥವಾ ರಾಜ್ಯದ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂದು ಅದರ 8ನೇ ಕಲಮಿನಲ್ಲಿ ಮೂಲತಃ ಒಂದು ಮಾತಿತ್ತು. ಬ್ರೂಸ್‌ಪೇಟೆಯ ಮನೆಯವರು ತಮ್ಮ ವಾರ್ಡಿನ ವಸತಿ ಪಟ್ಟಿಯನ್ನೋ ಕಂದಾಯದ ಲೆಕ್ಕವನ್ನೋ ಪಾಲಿಕೆಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದ ಅರ್ಜಿ ಬರೆದು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.