ಅರಳುಮರಳು ಎಂದು ಬಿಟ್ಟುಬಿಡುವ ಮುನ್ನ

ವಯಸ್ಸಾದವರು ಏನಾದರೂ ತಪ್ಪಿ ಮಾತಾಡಿದರೆ "ಅವರಿಗೆ ಅರಳುಮರಳು" ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಿರಿಯರ ನಿರ್ಲಕ್ಷ್ಯ ಎಷ್ಟೋ ಸಲ ಈ ಮಾತಿನ ಹಿಂದೆಯೇ ಅಡಗಿರುತ್ತದೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುವಂಥದ್ದು. ಮೊನ್ನೆವರೆಗೆ ಸರಿಯಿದ್ದ ಅಜ್ಜಿ ಇವತ್ತು ಏಕಾಏಕಿ ನಿಮ್ಮ ಗುರುತು ಹಿಡಿಯದಿದ್ದರೆ, ಮೂತ್ರದ ಸೋಂಕೋ, ಮಾತ್ರೆಯ ಏರುಪೇರೋ, ಮೈಯಲ್ಲಿ ನೀರು ಕಡಿಮೆಯಾಗಿದೆಯೋ, ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ವಯಸ್ಸಾದಂತೆ ಮೆದುಳು ಕೊಡುವ ಬಾಯಾರಿಕೆಯ ಸೂಚನೆ ಮಂದವಾಗುತ್ತದೆ, ನೀರನ್ನು ಉಳಿಸಿಕೊಳ್ಳುವ ಮೂತ್ರಪಿಂಡದ ಶಕ್ತಿಯೂ ಇಳಿಯುತ್ತದೆ. ಹಾಗಾಗಿ "ಕೇಳಿದ್ರೆ ಕೊಡ್ತಿದ್ವಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಕೇಳುವಷ್ಟು ಬಾಯಾರಿಕೆಯೇ ಅವರಿಗೆ ಆಗಿರುವುದಿಲ್ಲ. ರಾತ್ರಿ ಎಬ್ಬಿಸಿದರೆ ಬೈಯುತ್ತಾರೆಂದು ಹೆದರಿ ಸಂಜೆಯಿಂದಲೇ ನೀರು ಬಿಡುವವರೂ ಇದ್ದಾರೆ. ಹೊತ್ತುಹೊತ್ತಿಗೆ ನೀರೋ ಗಂಜಿಯೋ ಕೈಗೇ ಕೊಡಬೇಕು. (ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ ಎಷ್ಟು ಕೊಡಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು.)

ಚರ್ಮವೂ ಸುಳಿವು ಕೊಡುತ್ತದೆ. ಮಲಗಿದಲ್ಲೇ ಇರುವವರ ಸೊಂಟ, ಹಿಮ್ಮಡಿಯಂಥ ಕಡೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿ, ಲೋಮನಾಳಗಳಲ್ಲಿ ರಕ್ತ ನಿಲ್ಲುತ್ತದೆ. ಆಮ್ಲಜನಕ ಸಿಗದ ಜೀವಕೋಶಗಳು ಸಾಯುತ್ತವೆ, ಹುಣ್ಣಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹೆಚ್ಚಿನ ಹುಣ್ಣುಗಳನ್ನು ತಡೆಯಬಹುದು.

ಆದರೆ ಕಲೆ ಕಂಡಕೂಡಲೇ ಯಾರನ್ನೂ ದೂರಬೇಡಿ. ಮುದಿ ಚರ್ಮ ತೆಳು. ಬಾಗಿಲಿಗೆ ಕೈ ತಾಗಿದರೂ ಮುಂಗೈ ನೀಲಿಗಟ್ಟುತ್ತದೆ. ಕಿವಿ, ಕುತ್ತಿಗೆ, ಅಂಗಾಲಿನಲ್ಲಿ, ಅಥವಾ ಎರಡೂ ರಟ್ಟೆಯ ಮೇಲೆ ಬೆರಳಚ್ಚಿನಂತೆ ಕಂಡರೆ ಮಾತ್ರ ಕೇಳಲೇಬೇಕು. ಪಿಂಚಣಿ ಹಣ ಕಿತ್ತುಕೊಳ್ಳುವುದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವುದು, ದಿನಗಟ್ಟಲೆ ಮಾತು ಬಿಡುವುದು, ಇವೂ ಹಿಂಸೆಯೇ. ಕಲೆ ಕಾಣುವುದಿಲ್ಲ ಅಷ್ಟೆ.

ನೋಡಿಕೊಳ್ಳುವವರೆಲ್ಲ ಕೆಟ್ಟವರಲ್ಲ. ಹಗಲಿಡೀ ದುಡಿದು ರಾತ್ರಿ ನಿದ್ದೆಗೆಡುವ ತಾಯಿಯೊಬ್ಬಳ ಮೇಲೇ ಎಲ್ಲ ಭಾರ ಬಿದ್ದಿರುತ್ತದೆ. ದಿನಕ್ಕೆ ಅರ್ಧ ಗಂಟೆ ನೀವು ಅಜ್ಜನ ಹತ್ತಿರ ಕೂತರೆ ಅವಳಿಗೂ ಉಸಿರಾಡಲು ಬಿಡುವು.

2007ರ ಕಾಯ್ದೆಯ ಪ್ರಕಾರ, ತಮ್ಮ ಆದಾಯ, ಆಸ್ತಿಯಿಂದ ಬದುಕಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಕಾಸರಗೋಡು ಸೇರಿದಂತೆ ಕೇರಳದಲ್ಲಿ ಅರ್ಜಿಯನ್ನು ಆರ್‌ಡಿಓ ಮಟ್ಟದ ನ್ಯಾಯಮಂಡಳಿ ವಿಚಾರಿಸುತ್ತದೆ. ಯಾವ ರಾಜ್ಯದಲ್ಲಿದ್ದರೂ ಹಿರಿಯರ ಉಚಿತ ಸಹಾಯವಾಣಿ 14567. ಅನುಮಾನ ಬಂದರೆ ಅವರು ಒಬ್ಬರೇ ಇದ್ದಾಗ ಕೇಳಿ, ಹೆದರಿಸುವವರ ಎದುರಲ್ಲಿ ಬೇಡ. ಆಮೇಲೆ ನಿಮಗೆ ನಂಬಿಕೆಯಿರುವ ಟೀಚರಿಗೋ ದೊಡ್ಡವರಿಗೋ ಹೇಳಿ. ಫೋನ್ ಅವರು ಮಾಡಲಿ.