ಹಳ್ಳಿಯ ದಾರಿ ಮತ್ತು ವೈದ್ಯವಿದ್ಯೆ

ನಮ್ಮ ಹಳ್ಳಿಗಳಿಗೆ ಡಾಕ್ಟರುಗಳು ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ ಎಂಬ ದೂರು ಇಂದು ನಿನ್ನೆಯದಲ್ಲ. ಆ ದೂರಿಗೆ ನಾವು ಹೇಳಿಕೊಳ್ಳುವ ಕಾರಣಗಳೂ ಹಳೆಯವೇ. ತರುಣರಲ್ಲಿ ಸೇವಾಭಾವವಿಲ್ಲ, ಹಳ್ಳಿಯಲ್ಲಿ ವಸತಿಯಿಲ್ಲ, ಮಕ್ಕಳಿಗೆ ಒಳ್ಳೆಯ ಶಾಲೆಯಿಲ್ಲ, ಸಂಬಳ ಸಾಲದು. ಕೊನೆಯ ಮಾತುಗಳಲ್ಲಿ ನಿಜವಿದೆ. ಮೊದಲನೆಯದನ್ನು ಮಾತ್ರ ನಾನು ಒಪ್ಪಲಾರೆ. ಬಹುಕಾಲ ತರುಣರಿಗೆ ಪಾಠ ಹೇಳಿದವನಾದ್ದರಿಂದ ಬಲ್ಲೆ: ವೈದ್ಯಕೀಯ ಕಾಲೇಜಿಗೆ ಹೊರಟುನಿಂತ ಹದಿನೆಂಟರ ಹುಡುಗ ಹುಡುಗಿಯರಲ್ಲಿ ಆ ಭಾವಕ್ಕೆ ಕೊರತೆಯಿರುವುದಿಲ್ಲ. ಐದೂವರೆ ವರ್ಷಗಳ ಬಳಿಕ ಅದು ಎಲ್ಲಿ ಹೋಯಿತೆಂದು ನಾವು ವಿಚಾರಿಸಬೇಕಾದುದು ಅವರಿಗೆ ದೊರೆತ ವಿದ್ಯೆಯನ್ನು.

ಇದಕ್ಕೊಂದು ಇತಿಹಾಸವಿದೆ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗ, ಅದು ಲೆಕ್ಕಹಾಕಿದಂತೆ ದೇಶದಲ್ಲಿ ನೋಂದಾಯಿತ ಡಾಕ್ಟರುಗಳು 47,524 ಮಂದಿ. ಅವರಲ್ಲಿ 29,870 ಮಂದಿ ಪದವೀಧರರಲ್ಲ; ವೈದ್ಯಕೀಯ ಶಾಲೆಗಳಲ್ಲಿ ಚಿಕ್ಕ ವ್ಯಾಸಂಗ ಮುಗಿಸಿ ಬಂದ ಲೈಸೆನ್ಷಿಯೇಟರು. ಹಿರಿಯರು ‘ಎಲ್.ಎಂ.ಪಿ. ಡಾಕ್ಟರು’ ಎಂದು ನೆನೆಯುತ್ತಿದ್ದುದು ಇಂಥವರನ್ನೇ. ಸಮಿತಿಯ ಬಹುಮತ ಈ ವರ್ಗವನ್ನು ಮುಂದುವರಿಸುವುದು ಬೇಡವೆಂದಿತು. ದೇಶಕ್ಕೆಲ್ಲ ಒಂದೇ ಮಟ್ಟದ, ಪೂರ್ಣ ಶಿಕ್ಷಣ ಪಡೆದ ವೈದ್ಯನಿರಲಿ ಎಂದಿತು. ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತದ ಉದ್ದೇಶ ದೊಡ್ಡದೇ. ಹಳ್ಳಿಗನಿಗೆ ಅರೆವೈದ್ಯ, ಪಟ್ಟಣಿಗನಿಗೆ ಪೂರ್ಣವೈದ್ಯ ಎಂಬ ಭೇದ ಸಲ್ಲದೆಂಬುದನ್ನು ಯಾರು ತಾನೇ ಅಲ್ಲಗಳೆದಾರು? ಸಮಾಜದ ಆರೋಗ್ಯವನ್ನು ಕಾಯಬಲ್ಲ ವೈದ್ಯನೊಬ್ಬನನ್ನು ಸಮಿತಿ ಮನಸ್ಸಿನಲ್ಲಿ ಕಂಡಿತ್ತು. ಆದರೆ ಅವನನ್ನು ರೂಪಿಸಲು ನಾವು ಕಳಿಸಿದ್ದು ನಗರದ ನಡುವಣ ದೊಡ್ಡ ಆಸ್ಪತ್ರೆಗೆ. ಅವನು ನಗರದ ದೊಡ್ಡ ಆಸ್ಪತ್ರೆಗೆ ತಕ್ಕವನೇ ಆಗಿ ಹೊರಬಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಡ್ಡಾಯ ಸೇವೆಯ ವರ್ಷವನ್ನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಳೆಯುತ್ತಿದ್ದಾಗ ನನ್ನನ್ನು ಕಾಣಲು ಬಂದಿದ್ದ. ಕೆಲಸ ಹೇಗಿದೆಯಪ್ಪಾ ಎಂದೆ. ಅವನು ಹೇಳಿದ ಮಾತು ಇದು: “ಮೇಷ್ಟ್ರೇ, ಕಾಲೇಜಿನ ಆಸ್ಪತ್ರೆಯಲ್ಲಿ ನಾನು ನೋಡಿದ ರೋಗಿಗಳೆಲ್ಲ ಇನ್ನೊಬ್ಬರು ನೋಡಿ, ಸೋಸಿ ಕಳಿಸಿದವರು. ಇಲ್ಲಿ ಸೋಸುವವನು ನಾನೇ. ಅದನ್ನು ಯಾರೂ ನನಗೆ ಕಲಿಸಲಿಲ್ಲ.”

ಒಂದು ರಾತ್ರಿ ಅಲ್ಲಿಗೆ ತುಂಬು ಬಸುರಿಯೊಬ್ಬಳನ್ನು ಕರೆತಂದರಂತೆ. ರಕ್ತದೊತ್ತಡ ಏರಿತ್ತು, ಸೆಳವು ಬಂದಿತ್ತು. ಆ ರೋಗದ ಮೇಲೆ ಅವನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದ. ಆದರೆ ಎದುರಿಗೆ ರಕ್ತಪರೀಕ್ಷೆಯ ಚೀಟಿಯಿಲ್ಲ, ಕೇಳಲು ಹಿರಿಯರಿಲ್ಲ, ಕರೆಂಟೂ ಇಲ್ಲ. ಕೈ ನಡುಗಿತು. ಆಗ ಅಲ್ಲಿನ ನರ್ಸಮ್ಮ, “ಸಾರ್, ಮೊದಲು ಮೆಗ್ನೀಸಿಯಂ ಕೊಟ್ಟುಬಿಡೋಣ, ಆಮೇಲೆ ಗಾಡಿ ಕರೆಯೋಣ” ಎಂದು ಸೂಜಿಯನ್ನು ಸಿದ್ಧಮಾಡಿಯೇಬಿಟ್ಟರು. ತಾಯಿ ಮಗು ಇಬ್ಬರೂ ಜಿಲ್ಲಾ ಆಸ್ಪತ್ರೆ ಮುಟ್ಟಿ ಉಳಿದರು. ಅವನು ಅದನ್ನು ಹೇಳುವಾಗ ನಕ್ಕ; ಆದರೆ ಅಂದಿನಿಂದ ಸಂಜೆಯಾದರೆ ಅವನಿಗೆ ಭಯ. ನಾವು ‘ಹಳ್ಳಿಯ ಬಗ್ಗೆ ತಾತ್ಸಾರ’ ಎಂದು ಹೆಸರಿಡುವುದು ಎಷ್ಟೋ ಸಲ ಈ ಭಯವನ್ನೇ ಎಂದು ನನಗೆ ತೋರುತ್ತದೆ.

ಭಯವೊಂದೇ ಅಲ್ಲ. ಆ ಐದೂವರೆ ವರ್ಷಗಳಲ್ಲಿ ಅವನ ಗುರುಗಳೆಲ್ಲ ತಜ್ಞರು. ಯಾರ ಹಾಗೆ ಆಗಬೇಕೆಂದು ತರುಣನು ಕನಸು ಕಾಣುವನೋ ಅಂಥವರ ಸಾಲಿನಲ್ಲಿ ಹಳ್ಳಿಯ ವೈದ್ಯನೊಬ್ಬನೂ ಇರಲಿಲ್ಲ. ಹಳ್ಳಿಯ ಕೆಲಸ ಕೀಳೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಇದನ್ನು ಸರಿಪಡಿಸುವ ಯತ್ನಗಳು ನಮ್ಮಲ್ಲಿ ನಡೆಯದೆ ಇಲ್ಲ. ಶ್ರೀವಾಸ್ತವ ಸಮಿತಿಯ 1975ರ ವರದಿಯ ಹಿಂದೆಯೇ, 1977ರಲ್ಲಿ, ಪ್ರತಿ ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ ಯೋಜನೆ ಬಂತು. ಅದು ಬಹುಮಟ್ಟಿಗೆ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಪಾಲಿನ ಕೆಲಸವಾಗಿ ಉಳಿಯಿತು. ಶಸ್ತ್ರವೈದ್ಯರೂ ಪ್ರಸೂತಿ ತಜ್ಞರೂ ಹಳ್ಳಿಯ ಕಡೆ ತಲೆಹಾಕಿದ್ದು ಕಡಿಮೆ. ಸೇವಾಗ್ರಾಮದಲ್ಲಿ 1969ರಲ್ಲಿ ಆರಂಭವಾದ ಕಾಲೇಜು ಮಾತ್ರ ಬೇರೆ ಹಾದಿ ಹಿಡಿಯಿತು. ಅಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲು ಗಾಂಧೀಜಿಯ ಆಶ್ರಮದಲ್ಲಿ ವಾಸ, ಬಳಿಕ ಹಳ್ಳಿಯೊಂದರಲ್ಲಿ ಶಿಬಿರ.

ಹೊರನಾಡುಗಳ ಎರಡು ನಿದರ್ಶನಗಳು ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿವೆ. ಜಪಾನಿನ ಪ್ರಾಂತಗಳೆಲ್ಲ ಕೂಡಿ 1972ರಲ್ಲಿ ಜಿಚಿ ಎಂಬ ವೈದ್ಯ ವಿದ್ಯಾಲಯವನ್ನು ಸ್ಥಾಪಿಸಿದವು. ಪ್ರತಿ ಪ್ರಾಂತದಿಂದ ವರ್ಷಕ್ಕೆ ಎರಡು ಮೂರು ಮಂದಿಯನ್ನು ಆರಿಸಿ ಕಳಿಸುತ್ತಾರೆ. ಶುಲ್ಕವೆಲ್ಲ ಸಾಲದ ಲೆಕ್ಕ; ಸುಮಾರು ಒಂಬತ್ತು ವರ್ಷ ಸ್ವಪ್ರಾಂತದಲ್ಲಿ ದುಡಿದರೆ ಸಾಲ ಮನ್ನಾ. ಋಣ ತೀರಿದ ಮೇಲೂ ಅವರಲ್ಲಿ ಇತರ ಕಾಲೇಜಿನವರಿಗಿಂತ ಹೆಚ್ಚು ಮಂದಿ ಹಳ್ಳಿಗಾಡಿನಲ್ಲಿಯೇ ಉಳಿದರೆಂಬುದು ಗಮನಿಸತಕ್ಕ ಸಂಗತಿ. ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಾಹಸ ಇನ್ನೊಂದು ಬಗೆಯದು. 1997ರಲ್ಲಿ ಎಂಟು ವಿದ್ಯಾರ್ಥಿಗಳು ಒಂದಿಡೀ ವರ್ಷವನ್ನು ಮರ್ರೆ ನದಿಯ ದಡದ ಸಣ್ಣ ಊರುಗಳಲ್ಲಿ, ಅಲ್ಲಿನ ಸಾಮಾನ್ಯ ವೈದ್ಯರ ಬಳಿ ಕಲಿತರು. ಹಾಗೆ ಕಲಿತವರು ಪರೀಕ್ಷೆಯಲ್ಲಿ ಹಿಂದೆ ಬೀಳುವರೆಂಬ ಶಂಕೆಯಿತ್ತು. ಮುಂದಿನ ವರ್ಷಗಳಲ್ಲಿ ಅವರ ಅಂಕಗಳು ನಗರದ ದೊಡ್ಡಾಸ್ಪತ್ರೆಯಲ್ಲಿ ಕಲಿತವರ ಅಂಕಗಳಿಗಿಂತ ಮೇಲಾಗಿಯೇ ಬಂದವು. ಹಳ್ಳಿಯಲ್ಲಿ ಕಲಿಸಿದರೆ ವಿದ್ಯೆ ತೆಳುವಾಗುತ್ತದೆಂಬ ನಮ್ಮ ಪ್ರೊಫೆಸರರ ಅಂಜಿಕೆಗೆ ಇದೊಂದು ಉತ್ತರ.

ಇವೆರಡರ ಹಿಂದೆಯೂ ಇನ್ನೊಂದು ಮಾತಿದೆ: ಆಯ್ಕೆ. ಹಳ್ಳಿಯಲ್ಲಿ ಬೆಳೆದವರು ಹಳ್ಳಿಗೆ ಮರಳುವುದು ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೂ 2021ರಲ್ಲಿಯೂ ಅಂಥವರನ್ನು ಆರಿಸಿರೆಂದು ಸಲಹೆ ಕೊಟ್ಟಿತು. ನಮ್ಮಲ್ಲಿ ಪ್ರವೇಶ ಪರೀಕ್ಷೆಗೆ ತರಬೇತಿ ಪಡೆಯಲು ಲಕ್ಷಗಟ್ಟಲೆ ತೆತ್ತು ನಗರದಲ್ಲಿ ಎರಡು ವರ್ಷ ಇರಬೇಕಾದ ಈ ದಿನಗಳಲ್ಲಿ, ರೈತನ ಮಗಳಿಗೆ ಕಾಲೇಜಿನ ಬಾಗಿಲು ಎಷ್ಟು ಅಗಲವಾಗಿ ತೆರೆದಿದೆ ಎಂಬುದನ್ನು ಓದುಗರೇ ಊಹಿಸಬಲ್ಲರು.

ನಮ್ಮ ರಾಜ್ಯವು 2012ರಲ್ಲಿ ಕಡ್ಡಾಯ ಸೇವೆಯ ಕಾಯಿದೆಯನ್ನು ಮಾಡಿತು. ಮುಂದೆ ನ್ಯಾಯಾಲಯದ ವ್ಯಾಜ್ಯಗಳೂ ತಿದ್ದುಪಡಿಗಳೂ ಆದವು. ಸಾರ್ವಜನಿಕ ಹಣದಿಂದ ಕಲಿತವರು ಒಂದು ವರ್ಷ ಕೊಡಬಾರದೇ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶಿಕ್ಷಣದಲ್ಲಿ ಎಲ್ಲಿಯೂ ಕಾಣದ ಹಳ್ಳಿ ಅದರ ಕೊನೆಯಲ್ಲಿ ಮಾತ್ರ ಎದುರಾದರೆ, ತರುಣನಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಒಂದೇ ಧಾತುವಿನಿಂದ ಹುಟ್ಟಿದ ಎರಡು ಶಬ್ದಗಳು ಇಷ್ಟು ದೂರವಾಗಬಾರದಿತ್ತು.

ಈಚೆಗೆ, 2022ರ ಸುಮಾರಿನಿಂದ, ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ಪಡೆದು ಅವರ ಆರೋಗ್ಯವನ್ನು ಗಮನಿಸುತ್ತಿರಬೇಕೆಂಬ ನಿಯಮ ಬಂದಿದೆ. ಹಳ್ಳಿಯೊಂದರಲ್ಲಿ ಇಂಥದೊಂದು ತಂಡ ನನ್ನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಬಸ್ಸಿನಿಂದ ಇಳಿದವರು ಊಟದ ಹೊತ್ತಿಗೆ ಹೊರಟರು. ಆದರೂ ಒಬ್ಬಳು ಹುಡುಗಿ ಜಗಲಿಯ ಮೇಲೆ ಕುಳಿತು ಅಜ್ಜಿಯೊಬ್ಬಳ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ಯಾವುದನ್ನು ಯಾವಾಗ ನುಂಗಬೇಕೆಂದು ಅಜ್ಜಿಗೆ ತಿಳಿದಿರಲಿಲ್ಲ. ಜೊತೆಯ ಹುಡುಗ ಅಧ್ಯಾಪಕರನ್ನು ಕೇಳಿದ, ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು. ಅಧ್ಯಾಪಕರು, “ದಾಖಲೆ ಪುಸ್ತಕ ತುಂಬಿಸಿದರೆ ಸಾಕಪ್ಪ” ಎಂದರು.