ಗಾಡಿ ತಗೊಳ್ಳೋ ಮುಂಚೆ ಲೆಕ್ಕ ಹಾಕೋಣ



ಒಂದು ತಿಂಗಳಿಂದ ನಮ್ಮ ಮನೇಲಿ ಒಂದೇ ಮಾತು. ಟೊಮ್ಯಾಟೊ ಸಾಗಿಸೋಕೆ ಒಂದು ಹಳೇ ಗಾಡಿ ತಗೋಬೇಕು. ಅಪ್ಪ ಚಿಕ್ಕದು ಸಾಕು ಅಂತಾರೆ. ಅಣ್ಣ ದೊಡ್ಡದೇ ಬೇಕು ಅಂತಾನೆ. ಯಾಕಂದ್ರೆ ಅವನಿಗೆ ಮಣ್ಣು ದಾರಿಯ ಬೈಕ್ ರೇಸಿನ ಹುಚ್ಚು. ಅವನದೊಂದು, ಸ್ನೇಹಿತನದೊಂದು ಬೈಕು ಹೇರಿಕೊಂಡು ಹೋಗಿ, ರಾತ್ರಿ ಅಲ್ಲೇ ಟೆಂಟ್ ಹಾಕಿ ಮಲಗೋ ಆಸೆ. ತಪ್ಪು ಗಾಡಿ ತಂದರೆ ಸಾಲದ ಕಂತು ಮನೆಯವರೆಲ್ಲರ ತಲೆ ಮೇಲೆ. ಅದಕ್ಕೆ ನಾನೇ ಕೂತು ಲೆಕ್ಕ ಹಾಕಿದೆ.

೧. ತೂಕ: ನಾವು ‘ಛೋಟಾ ಹಾಥಿ’ ಅನ್ನೋ ಟಾಟಾ ಏಸ್ ೨೦೦೫ರಲ್ಲಿ ಬಂತು. ಅದು ಹೊರೋದು ಸುಮಾರು ೭೫೦ ಕೆ.ಜಿ. ಕೋಲಾರದ ಮಾರ್ಕೆಟ್ಟಿನಲ್ಲಿ ಒಂದು ಕ್ರೇಟ್ ಅಂದ್ರೆ ೧೫ ಕೆ.ಜಿ. ಹಣ್ಣು. ಖಾಲಿ ಕ್ರೇಟಿಗೆ ೨ ಕೆ.ಜಿ. ಇಟ್ಟುಕೊಂಡರೆ ೪೦ ಕ್ರೇಟಿಗೆ ೬೮೦ ಕೆ.ಜಿ. ಆಗುತ್ತೆ. ಅಲ್ಲಿಗೆ ಗಾಡಿ ತುಂಬಿತು. ಬೈಕು ಒಂದಕ್ಕೆ ೧೫೦ ಕೆ.ಜಿ. ಅಂದುಕೊಂಡರೆ ಎರಡಕ್ಕೆ ೩೦೦. ಟೆಂಟು, ಪಾತ್ರೆ, ನೀರು ಸೇರಿದರೂ ೪೦೦ ದಾಟಲ್ಲ.

೨. ಉದ್ದ: ತೂಕ ಸರಿಹೋಯ್ತು ಅಂತ ಹಿಗ್ಗಬೇಡಿ. ಚಿಕ್ಕ ಗಾಡಿಯ ಹಿಂಭಾಗ ೭ ಅಡಿ ಚಿಲ್ಲರೆ. ಮಣ್ಣು ದಾರಿಯ ಬೈಕೂ ಹೆಚ್ಚುಕಮ್ಮಿ ಅಷ್ಟೇ ಉದ್ದ. ಒಂದಾದರೆ ಮೂಲೆಯಿಂದ ಮೂಲೆಗೆ ನಿಲ್ಲಿಸಬಹುದು, ಎರಡು ಕಷ್ಟ. ೮-೯ ಅಡಿಯ ಪಿಕಪ್ ಆದ್ರೆ ಒಂದರ ಮುಖ ಮುಂದಕ್ಕೆ, ಇನ್ನೊಂದರ ಮುಖ ಹಿಂದಕ್ಕೆ ಮಾಡಿದರೆ ಹ್ಯಾಂಡಲ್ ತಾಗಲ್ಲ.

೩. ಎಣ್ಣೆ: ಎಲ್ಲರೂ ಕೇಳೋದು ‘ಮೈಲೇಜ್ ಎಷ್ಟು?’ ಅಂತ. ಕೇಳಬೇಕಾದ್ದು ‘ಕ್ರೇಟಿಗೆ ಎಷ್ಟು ಎಣ್ಣೆ?’ ಅಂತ. ಉದಾಹರಣೆಗೆ, ಚಿಕ್ಕದು ಲೀಟರಿಗೆ ೨೦ ಕಿ.ಮೀ., ದೊಡ್ಡದು ೧೪ ಕಿ.ಮೀ. ಕೊಡುತ್ತೆ ಅನ್ನೋಣ. ಹೋಗಿಬರೋಕೆ ೪೦ ಕಿ.ಮೀ. ನಲವತ್ತು ಕ್ರೇಟ್ ಇದ್ದ ದಿನ ಚಿಕ್ಕದಕ್ಕೆ ೨ ಲೀಟರ್, ದೊಡ್ಡದಕ್ಕೆ ಸುಮಾರು ೨.೯ ಲೀಟರ್. ಎಂಬತ್ತು ಕ್ರೇಟ್ ಇದ್ದರೆ ಚಿಕ್ಕದು ಎರಡು ಸಲ ಓಡಬೇಕು, ೪ ಲೀಟರ್. ದೊಡ್ಡದಕ್ಕೆ ಅದೇ ೨.೯. ಹೊರೆ ಹೆಚ್ಚಾದರೆ ದೊಡ್ಡದೇ ಅಗ್ಗ!

ನಮ್ಮ ಕೆ.ಜಿ.ಎಫ್. ಚರಿತ್ರೆಯೂ ಇದನ್ನೇ ಹೇಳುತ್ತೆ. ಗಣಿಯ ಭಾರಿ ಸಾಮಾನಿಗೆ ಎತ್ತಿನ ಗಾಡಿ ಸಾಲದು ಅಂತ ೧೮೯೪ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲು ಹಾಕಿದರು. ದಿನಾ ತುಂಬಾ ಹೊರೆ ಇತ್ತು, ಅದಕ್ಕೆ ಲಾಭ ಆಯ್ತು. ಹೊರೆ ಇಲ್ಲದೆ ದೊಡ್ಡದು ತಂದರೆ ನಷ್ಟ.

೪. ಜೋಪಾನ: ಬೈಕನ್ನು ನಾಲ್ಕು ಕಡೆಯಿಂದ ಬಿಗಿಯಾಗಿ ಕಟ್ಟಬೇಕು. ಪೆಟ್ರೋಲ್ ನಲ್ಲಿ ಇದ್ದರೆ ಮುಚ್ಚಬೇಕು. ಸಾಮಾನು ಗಾಡಿಯ ಹಿಂದೆ ಜನ ಕೂರೋದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ಟಾರ್ಪಾಲು ಮುಚ್ಚಿ ಒಳಗೆ ಮಲಗಿದಾಗ ಸ್ಟೌ, ಕೆಂಡ ಇಡಲೇಬಾರದು. ವಾಸನೆ ಇಲ್ಲದ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತೆ. ಹಳೇ ಗಾಡಿ ಕೊಳ್ಳುವಾಗ ಆರ್.ಸಿ., ವಿಮೆ, ಫಿಟ್‌ನೆಸ್ ನೋಡಿ. ಹಿಂದಿನವರ ಸಾಲ ತೀರಿದೆಯಾ ಅಂತ ಕೇಳಿ. ಚಾಸಿಸ್ ತುಕ್ಕು ಹಿಡಿದಿದೆಯಾ ಅಂತ ಬಗ್ಗಿ ನೋಡಿ.

ಇನ್ನೊಂದು ಮಾತು. ಕೆ.ಜಿ.ಎಫ್.ನ ಸೈನೈಡ್ ದಿಬ್ಬ ಕಂಡರೆ ಬೈಕ್ ಹತ್ತಿಸೋ ಆಸೆ ಆಗುತ್ತೆ. ಅದು ಬರೀ ಮಣ್ಣಲ್ಲ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು, ದಿಬ್ಬಗಳು ಹಾಗೇ ನಿಂತಿವೆ. ಆ ಧೂಳು ಶ್ವಾಸಕೋಶಕ್ಕೆ ಕೇಡು. ಅಲ್ಲಿ ಬೇಡ.

ಕೊನೆಗೆ ನಮ್ಮನೆ ಲೆಕ್ಕ. ನಮ್ಮ ತೋಟದಲ್ಲಿ ೪೦ ಕ್ರೇಟ್ ದಾಟೋ ದಿನ ಕಮ್ಮಿ. ಅಣ್ಣ ರೇಸಿಗೆ ಹೋಗೋದು ವರ್ಷಕ್ಕೆ ಎರಡು ಸಲ. ಆ ಎರಡು ಸಲ ಪಿಕಪ್ ಬಾಡಿಗೆಗೆ ತಂದರಾಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ! ಹಾಳೆ ನೋಡಿ ಅಣ್ಣ ಮೊದಲು ಮುಖ ಊದಿಸಿಕೊಂಡ. ಆಮೇಲೆ, “ಬಾಡಿಗೆ ದುಡ್ಡು ಅಪ್ಪ ಕೊಡಲಿ” ಅಂದ. ಅಪ್ಪ, “ಅರ್ಧ ನಿಂದು ಕಣೋ” ಅಂದರು. ಅಲ್ಲಿಗೆ ಮುಗಿಯಿತು.

ನಿಮ್ಮ ಮನೆಯ ಲೆಕ್ಕವನ್ನೂ ಬರೆದು ಕೊಡಿ, ಮುಂದಿನ ಸಂಚಿಕೆಗೆ ಅಂಟಿಸೋಣ.

– ೯ನೇ ತರಗತಿಯ ಒಬ್ಬ ವಿದ್ಯಾರ್ಥಿನಿ